ಕೆಂಪು ಕಂಡರೆ ಕಿಟಕಿ ಮುಚ್ಚಬೇಡಿ

ವೆಬ್ ಡೆವಲಪ್‌ಮೆಂಟ್ ಕಲಿಯಲು ನನ್ನ ಬಳಿ ಬರುವವರಿಗೆ ಮೊದಲ ವಾರ ನಾನು ಕೋಡ್ ಬರೆಯಲು ಹಚ್ಚುವುದಿಲ್ಲ. ಐಡಿಇ ಬಳಸುವುದನ್ನು ಕಲಿಸುತ್ತೇನೆ. ಇದಕ್ಕೆ ಪಾಲಕರು ತಕರಾರು ತೆಗೆದದ್ದುಂಟು. ‘ನೋಟ್‌ಪ್ಯಾಡ್‌ನಾಗ ಬರದ್ರ ಕೈ ಪಳಗತೈತಿ, ಇದರಾಗ ಎಲ್ಲಾ ಅದ ಬರಕೋತೈತಿ’ ಎಂದು ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳೇ ನನ್ನ ಮುಂದೆ ವಾದಿಸಿದ್ದಾರೆ. ಕುಷ್ಟಗಿಯಂಥ ಊರಿನಲ್ಲಿ ಈ ವಾದ ಮಕ್ಕಳಿಗೆ ಎಷ್ಟು ಹಾನಿ ಮಾಡುತ್ತಿದೆ ಎಂಬುದನ್ನು ದಿನಾ ನೋಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಐಡಿಇ ಎಂದರೆ ಕೋಡ್ ಬರೆಯುವುದು, ಓಡಿಸಿ ನೋಡುವುದು, ತಪ್ಪು ಹುಡುಕುವುದು, ಹಳೆಯ ಪ್ರತಿಗಳನ್ನು ಕಾದಿಡುವುದು ಇವೆಲ್ಲವನ್ನೂ ಒಂದೇ ಕಿಟಕಿಯಲ್ಲಿ ಮಾಡಿಕೊಡುವ ತಂತ್ರಾಂಶ. ಇಂದು ವೆಬ್ ಕೆಲಸದವರು ಹೆಚ್ಚಾಗಿ ಬಳಸುವುದು ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್. ಹೆಸರಿಗೆ ಅದು ಎಡಿಟರ್, ಆದರೆ ಒಂದೆರಡು ಎಕ್ಸ್‌ಟೆನ್ಷನ್ ಸೇರಿಸಿದರೆ ಐಡಿಇ ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ದುಡ್ಡು ಕೊಡಬೇಕಿಲ್ಲ. ಜೆಟ್‌ಬ್ರೇನ್ಸ್ ಕಂಪನಿಯ ವೆಬ್‌ಸ್ಟಾರ್ಮ್ ಕೂಡ 2024ರ ಅಕ್ಟೋಬರ್‌ನಿಂದ ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ಎರಡೂ ಒಳ್ಳೆಯವೇ. ನಮ್ಮ ಕಡೆಯ ಹಳೆಯ ಲ್ಯಾಪ್‌ಟಾಪ್‌ಗಳಿಗೆ ವಿಎಸ್ ಕೋಡ್ ಹಗುರ, ಹಾಗಾಗಿ ನಾನು ಕಲಿಸುವುದು ಅದನ್ನೇ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಇದ್ದಾಗ ಕೋಡ್ ಕೈಕೊಟ್ಟರೆ ಪಕ್ಕದ ಮೇಜಿನವರನ್ನು ಕೇಳುತ್ತಿದ್ದೆ. ಎರಡೇ ನಿಮಿಷದಲ್ಲಿ ಅವರು ಬೆರಳಿಟ್ಟು ತೋರಿಸುತ್ತಿದ್ದರು. ಇಲ್ಲಿ ತಾವರಗೇರಾದಿಂದ, ಹನುಮಸಾಗರದಿಂದ, ದೋಟಿಹಾಳದಿಂದ ಬಸ್ಸಿನಲ್ಲಿ ಬಂದು ಕಲಿತು ಸಂಜೆ ಮನೆಗೆ ಹೋಗುವ ಹುಡುಗಿಗೆ ರಾತ್ರಿ ಒಂಬತ್ತಕ್ಕೆ ಕೇಳಲು ಯಾರಿದ್ದಾರೆ? ಅವಳ ಊರಿನಲ್ಲಿ ಈ ಕೆಲಸ ಗೊತ್ತಿರುವ ಇನ್ನೊಬ್ಬರಿಲ್ಲ. ಆ ಹೊತ್ತಿನಲ್ಲಿ ಅವಳ ಜೊತೆಗಿರುವುದು ಪರದೆಯ ಮೇಲಿನ ಈ ಸಾಧನವೊಂದೇ. ಅದು ಏನು ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಳ್ಳಲು ಬಂದರೆ ಅವಳು ಮುಂದೆ ಹೋಗುತ್ತಾಳೆ, ಇಲ್ಲದಿದ್ದರೆ ಅಲ್ಲಿಗೇ ಬಿಡುತ್ತಾಳೆ. ಬಿಟ್ಟವರನ್ನು ನಾನು ಬಲ್ಲೆ. ಅವರಲ್ಲಿ ಯಾರೂ ದಡ್ಡರಿರಲಿಲ್ಲ.

ನಮ್ಮ ಲ್ಯಾಬ್‌ಗಳಲ್ಲಿ ಇವತ್ತಿಗೂ ಟರ್ಬೊ ಸಿಯ ನೀಲಿ ಪರದೆಯ ಮೇಲೆ ಕಲಿತು ಬರುವವರಿದ್ದಾರೆ. ಬೋರ್‌ಲ್ಯಾಂಡ್ ಕಂಪನಿ ಅದನ್ನು ಹೊರತಂದದ್ದು 1987ರಲ್ಲಿ. ಅದಕ್ಕೂ ಮೊದಲು, 1983ರಲ್ಲಿ, ಅದೇ ಕಂಪನಿಯ ಟರ್ಬೊ ಪ್ಯಾಸ್ಕಲ್ ಬಂದಿತ್ತು. ಬರೆಯುವ ಜಾಗ ಮತ್ತು ಕಂಪೈಲರ್ ಎರಡನ್ನೂ ಒಂದೇ ಪರದೆಯಲ್ಲಿ ಕೂಡಿಸಿ 49.95 ಡಾಲರಿಗೆ ಮಾರಿದ ಆ ತಂತ್ರಾಂಶ ಆ ಕಾಲಕ್ಕೆ ದೊಡ್ಡ ಸುದ್ದಿ. ತಪ್ಪು ಬಂದರೆ ಕರ್ಸರ್ ತಾನೇ ಆ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಅದರ ಕಂಪೈಲರ್ ಬರೆದ ಡೆನ್ಮಾರ್ಕಿನ ಆಂಡರ್ಸ್ ಹೆಜ್ಲ್‌ಸ್‌ಬರ್ಗ್ ಮುಂದೆ ಮೈಕ್ರೋಸಾಫ್ಟ್ ಸೇರಿ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಭಾಷೆಯನ್ನು ಕೊಟ್ಟರು. ವಿಎಸ್ ಕೋಡ್ ಬರೆದಿರುವುದು ಅದೇ ಟೈಪ್‌ಸ್ಕ್ರಿಪ್ಟ್‌ನಲ್ಲಿ. ಅಂದರೆ ‘ಹಳೆಯದರಲ್ಲೇ ನಿಜವಾದ ಕಲಿಕೆ’ ಎನ್ನುವವರು ಮೆಚ್ಚುವ ನೀಲಿ ಪರದೆಯ ವಂಶವೂ ಇಂದಿನ ಈ ಸಾಧನದ ವಂಶವೂ ಒಂದೇ. ಕಲಿಯುವವರಿಗೆ ತಪ್ಪು ಬೇಗ ಕಾಣಿಸಬೇಕು ಎಂಬ ವಿಚಾರ ನಲವತ್ತು ವರ್ಷ ಹಳೆಯದು. ಅದನ್ನು ಕಸಿದುಕೊಂಡು ಮಕ್ಕಳನ್ನು ನೋಟ್‌ಪ್ಯಾಡ್ ಮುಂದೆ ಕೂರಿಸುವುದರಲ್ಲಿ ನನಗೆ ಯಾವ ಶಿಸ್ತೂ ಕಾಣುವುದಿಲ್ಲ.

ನಮ್ಮ ಮಕ್ಕಳ ದೊಡ್ಡ ಕಷ್ಟ ಕೆಂಪು ಬಣ್ಣದ್ದು. ಕೆಂಪು ಗೆರೆ, ಕೆಂಪು ಅಕ್ಷರ ಕಂಡ ಕೂಡಲೇ ಕಿಟಕಿಯನ್ನೇ ಮುಚ್ಚಿಬಿಡುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿ ನೋಡಿ ಬೆಳೆದವರಿಗೆ ಅದು ಸಹಜ.

‘ಅಕ್ಕಾರ, ಕೆಂಪ್ ಬಂತ್ರಿ.’

‘ಏನ್ ಬರದೈತಿ, ಓದು.’

‘ಇಂಗ್ಲಿಷ್ ಐತ್ರಿ.’

‘ಇರ್ಲಿ. ಫೈಲಿನ ಹೆಸರು ಐತಿ, ಸಾಲಿನ ನಂಬರ್ ಐತಿ. ಅದನ್ನರ ಓದು.’

ಈ ಮಾತುಕತೆ ಪ್ರತಿ ಹೊಸ ತಂಡದ ಜೊತೆ ನಡೆಯುತ್ತದೆ. ಮೊದಲು ಫೈಲಿನ ಹೆಸರು, ಆಮೇಲೆ ಸಾಲಿನ ಸಂಖ್ಯೆ, ಆಮೇಲೆ ಮೊದಲ ಒಂದು ವಾಕ್ಯ. ಕೆಳಗಿನ ಉದ್ದನೆಯ ಪಟ್ಟಿಯನ್ನು ಸದ್ಯಕ್ಕೆ ಬಿಟ್ಟುಬಿಡಿ ಎನ್ನುತ್ತೇನೆ. ಬ್ರೌಸರಿನ ಕನ್ಸೋಲ್‌ನಲ್ಲಿ ಎಲ್ಲರಿಗೂ ಮೊದಮೊದಲು ಎದುರಾಗುವ ವಾಕ್ಯ ‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’. ನೀನು ಹುಡುಕಿದ ಬಟನ್ ಪುಟದಲ್ಲಿ ಸಿಗಲಿಲ್ಲ, ಇಲ್ಲದ್ದಕ್ಕೆ ಕೆಲಸ ಹಚ್ಚಿದ್ದೀ ಎಂದು ಅದರ ತಾತ್ಪರ್ಯ. ಎಷ್ಟೋ ಸಲ ಕಾರಣ ಇಷ್ಟೇ ಇರುತ್ತದೆ: ಸ್ಕ್ರಿಪ್ಟನ್ನು ಪುಟದ ತಲೆಯಲ್ಲೇ ಹಾಕಿರುತ್ತಾರೆ, ಬಟನ್ ಹುಟ್ಟುವ ಮೊದಲೇ ಅದು ಓಡಿಬಿಟ್ಟಿರುತ್ತದೆ. ಸ್ಕ್ರಿಪ್ಟ್ ಬೇರೆ ಫೈಲಿನಲ್ಲಿದ್ದರೆ ಅದನ್ನು ಕರೆಯುವ ಟ್ಯಾಗಿಗೆ ‘ಡಿಫರ್’ ಎಂಬ ಒಂದು ಪದ ಸೇರಿಸಿದರೆ ಮುಗಿಯಿತು. ಇದನ್ನು ಒಮ್ಮೆ ತಾನೇ ಓದಿ ತಾನೇ ಸರಿಪಡಿಸಿದ ಹುಡುಗ ಮುಂದೆ ಕೆಂಪಿಗೆ ಹೆದರುವುದಿಲ್ಲ. ಬರೆಯುವಾಗಲೇ ಕಾಣುವ ಕೆಂಪು ಗೆರೆಗಳೆಲ್ಲ ಒಂದೇ ಕಡೆ ಬೇಕಾದರೆ ಕಂಟ್ರೋಲ್, ಶಿಫ್ಟ್, ಎಂ ಒತ್ತಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಎಫ್8.

ಇನ್ನು ಕೆಂಪೇ ಕಾಣಿಸದ ತಪ್ಪುಗಳು. ಕಲಿಸುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಇವಕ್ಕೆ. ನಮ್ಮ ಎಪಿಎಂಸಿಯ ದಲಾಲಿ ಅಂಗಡಿಯೊಂದಕ್ಕೆ ಬೇಕಾಗುವಂಥ ಬಿಲ್ಲಿನ ಪುಟವನ್ನು ಅಭ್ಯಾಸಕ್ಕೆಂದು ಮಾಡಿಸುತ್ತೇನೆ. ಸಜ್ಜೆ ಎಷ್ಟು ಕ್ವಿಂಟಲ್, ದರ ಎಷ್ಟು, ಹಮಾಲಿ ಎಷ್ಟು ಎಂದು ತುಂಬಿದರೆ ಒಟ್ಟು ಮೊತ್ತ ಬರಬೇಕು. 2 ಕ್ವಿಂಟಲ್, ದರ 2250, ಹಮಾಲಿ 30. ಬರಬೇಕಾದದ್ದು 4530. ಪರದೆಯ ಮೇಲೆ ಬರುವುದು 450030. ‘ಗುಣಿಸಿದ್ದು ಸರಿ ಐತ್ರಿ, ಕೂಡಿಸಿದ್ದಷ್ಟ ತಪ್ಪ್ ಬರ್ತೈತ್ರಿ’ ಎಂದು ಒಬ್ಬ ವಿದ್ಯಾರ್ಥಿ ಇಡೀ ಮಧ್ಯಾಹ್ನ ಅದರ ಮುಂದೆ ಕೂತಿದ್ದ. ಕಂಡ ಕಂಡಲ್ಲಿ ಅಲರ್ಟ್ ಹಾಕಿ ನೋಡಿದ್ದ. ಅಲರ್ಟ್ ಪೆಟ್ಟಿಗೆಯಲ್ಲಿ 30 ಎಂಬುದು 30 ಎಂದೇ ಕಾಣುತ್ತದೆ, ಹಾಗಾಗಿ ತಪ್ಪು ಸಿಕ್ಕಿರಲಿಲ್ಲ.

ಆಗ ಡೀಬಗ್ಗರ್ ತೋರಿಸಿದೆ. ಕೂಡಿಸುವ ಸಾಲಿನ ಮೇಲೆ ಎಫ್9 ಒತ್ತಿದರೆ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಬೀಳುತ್ತದೆ. ಎಫ್5 ಒತ್ತಿ ಓಡಿಸಿದರೆ ಪ್ರೋಗ್ರಾಂ ಸರಿಯಾಗಿ ಆ ಸಾಲಿಗೆ ಬಂದು ನಿಲ್ಲುತ್ತದೆ. ಮೌಸನ್ನು ಹೆಸರಿನ ಮೇಲೆ ಒಯ್ದರೆ ಅದರೊಳಗೆ ಆ ಕ್ಷಣ ಏನಿದೆ ಎಂದು ಕಾಣುತ್ತದೆ. ಅವನು ನೋಡಿದ: 4500 ಬರಿಯ ಅಂಕಿ, 30ರ ಎರಡೂ ಬದಿಗೆ ಉದ್ಧರಣ ಚಿಹ್ನೆ. ನಮೂನೆಯಲ್ಲಿ ತುಂಬಿದ್ದೆಲ್ಲ ಜಾವಾಸ್ಕ್ರಿಪ್ಟ್‌ಗೆ ಪಠ್ಯವಾಗಿಯೇ ಬರುತ್ತದೆ. ಗುಣಿಸುವಾಗ ಅದು ಪಠ್ಯವನ್ನು ತಾನಾಗಿ ಅಂಕಿ ಮಾಡಿಕೊಳ್ಳುತ್ತದೆ, ಕೂಡಿಸುವಾಗ ಮಾತ್ರ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿಬಿಡುತ್ತದೆ. ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ‘ಇದು ಅಂಕಿ ಅಲ್ರಿ, ಅಕ್ಷರ ಐತಿ’ ಎಂದು ಅವನೇ ಹೇಳಿದ. ನೋಟ್‌ಪ್ಯಾಡ್‌ನಲ್ಲಿ ಕೈ ಪಳಗಿಸಿ ಎನ್ನುವವರು ಈ ಘಳಿಗೆಯನ್ನು ಒಮ್ಮೆ ನೋಡಬೇಕು. ಜಾವಾಸ್ಕ್ರಿಪ್ಟ್ ಫೈಲಿನ ಮೊದಲ ಸಾಲಿನಲ್ಲಿ ಎರಡು ಓರೆಗೆರೆ ಹಾಕಿ ‘ಅಟ್ ಟಿಎಸ್ ಹೈಫನ್ ಚೆಕ್’ ಎಂದು ಬರೆದಿಟ್ಟರೆ ಇಂಥ ಬೆರಕೆಗಳಲ್ಲಿ ಹಲವನ್ನು ಐಡಿಇ ಓಡಿಸುವ ಮೊದಲೇ ತೋರಿಸುತ್ತದೆ. ಅದಕ್ಕಾಗಿ ಟೈಪ್‌ಸ್ಕ್ರಿಪ್ಟ್ ಕಲಿತಿರಬೇಕಿಲ್ಲ.

ಹೆಸರು ಬದಲಿಸುವುದು ಇನ್ನೊಂದು. ದರ ಎಂಬುದಕ್ಕೆ ‘ರೇಟ್’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟವರು ಅದನ್ನು ‘ಪ್ರೈಸ್’ ಮಾಡಲು ಹೊರಟು ಹುಡುಕಿ ಬದಲಿಸು ಎಂದು ಒಮ್ಮೆಗೇ ಕೊಟ್ಟರೆ ‘ಜನರೇಟ್’, ‘ಸೆಪರೇಟ್’ ಎಂಬ ಪದಗಳೊಳಗಿನ ‘ರೇಟ್’ ಕೂಡ ಹಾರಿಹೋಗುತ್ತದೆ. ಪುಟ ಪೂರ್ತಿ ಕೆಡುತ್ತದೆ. ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್2 ಒತ್ತಿದರೆ ಆ ಹೆಸರು ನಿಜವಾಗಿ ಬಳಕೆಯಾದ ಕಡೆಗಳಲ್ಲಷ್ಟೇ ಬದಲಾಗುತ್ತದೆ. ಹೆಸರು ಎಲ್ಲಿ ಹುಟ್ಟಿತು ಎಂದು ನೋಡಲು ಎಫ್12. ಫೈಲ್ ಹುಡುಕಲು ಎಡಗಡೆಯ ಪಟ್ಟಿಯಲ್ಲಿ ಮೌಸ್ ಉರುಳಿಸುತ್ತ ಕೂರಬೇಡಿ, ಕಂಟ್ರೋಲ್ ಮತ್ತು ಪಿ ಒತ್ತಿ ಹೆಸರಿನ ಎರಡು ಅಕ್ಷರ ಹೊಡೆಯಿರಿ. ಉಳಿದ ಶಾರ್ಟ್‌ಕಟ್‌ಗಳು ಬಳಸುತ್ತ ತಾವೇ ಬರುತ್ತವೆ.

ಕನ್ನಡದಲ್ಲಿ ವೆಬ್‌ಸೈಟ್ ಮಾಡುವವರಿಗೆ ಬೇಕಾದ ಕೆಲವು ಸಂಗತಿಗಳು ಇಂಗ್ಲಿಷ್ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಖಾಲಿ ಎಚ್‌ಟಿಎಂಎಲ್ ಫೈಲಿನಲ್ಲಿ ಉದ್ಗಾರ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಅದರೊಳಗೇ ಇರುವ ಎಮ್ಮೆಟ್ ಎಂಬ ಸೌಲಭ್ಯ ಪುಟದ ಚೌಕಟ್ಟನ್ನು ತಾನೇ ಬರೆದುಕೊಡುತ್ತದೆ. ಎಲ್ಲರೂ ಇದನ್ನು ಬಳಸುತ್ತಾರೆ. ಅದರ ಎರಡನೇ ಸಾಲಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದು ‘ಇಎನ್’ ಸಂಕೇತ ಬಿದ್ದಿರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಎಂದು ತಿಳಿಯುವುದು ಆ ಸಂಕೇತದಿಂದ. ಕನ್ನಡ ಪುಟಕ್ಕೆ ‘ಇಎನ್’ ಇದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಮ್ಮೆಟ್ ವೇರಿಯಬಲ್ಸ್ ಎಂಬಲ್ಲಿ ಭಾಷೆಯನ್ನು ‘ಕೆಎನ್’ ಎಂದು ಒಮ್ಮೆ ಬರೆದಿಟ್ಟರೆ ಮುಂದೆ ಮಾಡುವ ಪ್ರತಿ ಪುಟವೂ ಕನ್ನಡದ್ದಾಗಿ ಹುಟ್ಟುತ್ತದೆ. ಶಾಲೆಗಳಿಗೆ, ಪಂಚಾಯಿತಿಗಳಿಗೆ, ಸಹಕಾರ ಸಂಘಗಳಿಗೆ ಕನ್ನಡ ಪುಟ ಮಾಡಿಕೊಡುವ ಪ್ರತಿಯೊಬ್ಬರೂ ಇದನ್ನು ಇವತ್ತೇ ಮಾಡಬೇಕು.

ಇನ್ನೊಂದು ಸಂಗತಿ ಅಕ್ಷರಗಳ ಎಣಿಕೆಯದು. ‘ಕುಷ್ಟಗಿ’ ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟ್ ಅದನ್ನು ಏಳು ಎಂದು ಎಣಿಸುತ್ತದೆ: ಕ, ಉಕಾರ, ಷ, ವಿರಾಮ, ಟ, ಗ, ಇಕಾರ. ಯುಟಿಎಫ್-8ರಲ್ಲಿ ಉಳಿಸಿದರೆ ಒಂದೊಂದಕ್ಕೂ ಮೂರು ಬೈಟ್, ಒಟ್ಟು 21. ಇದನ್ನು ತಿಳಿಯದವರು ನಮೂನೆಯಲ್ಲಿ ಹೆಸರಿಗೆ ‘ಗರಿಷ್ಠ 20’ ಎಂದು ಮಿತಿ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಹೆಸರು ಹೊಡೆದು ಪರೀಕ್ಷಿಸಿ ಸರಿ ಇದೆ ಎನ್ನುತ್ತಾರೆ. ಆಮೇಲೆ ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ ಬರೆಯುವ ರೈತ ಅರ್ಧಕ್ಕೇ ನಿಲ್ಲಬೇಕಾಗುತ್ತದೆ. ಅವನ ಹೆಸರಿಗೆ ಜಾಗವಿಲ್ಲ ಎಂದು ಹೇಳುವ ಪುಟವನ್ನು ಅವನ ಊರಿನವರೇ ಮಾಡಿರುತ್ತಾರೆ ಎಂಬುದು ನನಗೆ ನೋವು ತರುತ್ತದೆ. ಪರೀಕ್ಷೆಯ ಮಾಹಿತಿಯನ್ನು ಕನ್ನಡದಲ್ಲೇ ಹೊಡೆಯಿರಿ, ಒತ್ತಕ್ಷರ ಹೆಚ್ಚಿರುವ ಹೆಸರುಗಳನ್ನೇ ಹೊಡೆಯಿರಿ. ಅದರ ಜೊತೆಗೆ ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರವನ್ನು 1.6ರ ಆಸುಪಾಸಿನಲ್ಲಿ ಇಡಿ, 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ.

ಕಚೇರಿಗಳಿಂದ ಬರುವ ಪಠ್ಯ ಬಹಳ ಸಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುತ್ತದೆ. ಅದನ್ನು ಐಡಿಇಗೆ ಅಂಟಿಸಿದರೆ ಕನ್ನಡದ ಬದಲು ತಲೆ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿತು ಎಂದು ಗಾಬರಿ ಬೇಡ. ಆ ಫೈಲಿನಲ್ಲಿ ಇರುವುದೇ ಅಂಥ ಸಂಕೇತಗಳು, ಫಾಂಟು ಅವನ್ನು ಕನ್ನಡದಂತೆ ಚಿತ್ರಿಸುತ್ತಿತ್ತು ಅಷ್ಟೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬದಲಿಸಿಯೇ ಅಂಟಿಸಿ. ಹಾಗೆಯೇ ಕನ್ನಡ ಪದಗಳ ನಡುವೆ ಅಲ್ಲಲ್ಲಿ ಹಳದಿ ಚೌಕ ಬಿದ್ದರೆ ಅಲ್ಲಿ ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆ ಇದೆ ಎಂದು ವಿಎಸ್ ಕೋಡ್ ಎಚ್ಚರಿಸುತ್ತಿದೆ. ‘ವೆಬ್‌ಸೈಟ್’ ಎಂಬುದರಲ್ಲಿ ಬ ಮತ್ತು ಸ ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವುದು ಅಂಥದೇ ಚಿಹ್ನೆ. ಕನ್ನಡದ ವಾಕ್ಯದಲ್ಲಿ ಅದು ಬೇಕು, ಅಳಿಸಬೇಡಿ. ಕೋಡಿನ ಹೆಸರುಗಳ ನಡುವೆ ಕಂಡರೆ ಮಾತ್ರ ತೆಗೆದುಹಾಕಿ.

ಕರೆಂಟಿನ ವಿಷಯ ಹೇಳಬೇಕಾಗಿಯೇ ಇಲ್ಲ. ಡೆಸ್ಕ್‌ಟಾಪ್ ಮುಂದೆ ಕೂತವರು ಆಟೋ ಸೇವ್ ಹಾಕಿಕೊಳ್ಳಲೇಬೇಕು. ವಿಎಸ್ ಕೋಡ್‌ನಲ್ಲಿ ಅದು ಮೊದಲಿಗೆ ಬಂದ್ ಇರುತ್ತದೆ, ಫೈಲ್ ಮೆನುವಿನಲ್ಲಿ ಒಂದು ಗುರುತು ಹಾಕಿದರೆ ಸಾಕು. 2022ರಿಂದ ಲೋಕಲ್ ಹಿಸ್ಟರಿ ಎಂಬುದೂ ಇದೆ. ಎಡಗಡೆ ಕೆಳಗಿನ ಟೈಮ್‌ಲೈನ್ ತೆರೆದರೆ ಆ ಫೈಲಿನ ಹಿಂದಿನ ಸೇವ್‌ಗಳು ಸಿಗುತ್ತವೆ, ಒಂದು ಫೈಲಿಗೆ 50ರವರೆಗೆ. ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿದೆ ಎನ್ನುವವರಿಗೆ ಇದು ದೊಡ್ಡ ಆಸರೆ. ಆದರೂ ಬದಲಾವಣೆಗಳನ್ನು ಹಂತಹಂತವಾಗಿ ದಾಖಲಿಸಿಡುವ ಗಿಟ್ ಕಲಿಯದೆ ಗತಿಯಿಲ್ಲ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಕೊನೆಯದು’ ಎಂಬ ಫೋಲ್ಡರ್‌ಗಳ ಸಾಲು ನೋಡಿದಾಗಲೆಲ್ಲ ನಾನು ಪಾಠ ನಿಲ್ಲಿಸಿ ಗಿಟ್‌ಗೆ ಬರುತ್ತೇನೆ. ಕಮಾಂಡುಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಐಡಿಇಯ ಗಿಟ್ ಕಿಟಕಿಯಲ್ಲಿ ಹಳೆಯ ಸಾಲು, ಹೊಸ ಸಾಲು ಅಕ್ಕಪಕ್ಕ ಕಾಣುತ್ತವೆ, ಅಲ್ಲಿಂದಲೇ ಶುರು ಮಾಡಲಿ.

ಎಕ್ಸ್‌ಟೆನ್ಷನ್‌ಗಳ ಆಸೆಗೆ ಕಡಿವಾಣ ಬೇಕು. ವಿಎಸ್ ಕೋಡ್‌ಗೆ 1 ಜಿಬಿ ರ‍್ಯಾಮ್ ಸಾಕು ಎಂದು ಅದರ ದಾಖಲೆ ಹೇಳುತ್ತದೆ, ಮೂವತ್ತು ಎಕ್ಸ್‌ಟೆನ್ಷನ್ ತುಂಬಿದರೆ 8 ಜಿಬಿಯೂ ತೇಕುತ್ತದೆ. ಕಲಿಯುವವರಿಗೆ ಕೋಡನ್ನು ಓರಣ ಮಾಡುವ ಪ್ರಿಟಿಯರ್, ತಪ್ಪು ತೋರಿಸುವ ಇಎಸ್‌ಲಿಂಟ್, ಪುಟವನ್ನು ಬ್ರೌಸರಿನಲ್ಲಿ ತೆರೆದು ತೋರಿಸುವ ಲೈವ್ ಸರ್ವರ್ ಸಾಕು. ಲೈವ್ ಸರ್ವರ್ ಓಡಿಸಿ, ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ಕಂಪ್ಯೂಟರಿನ ಐಪಿ ವಿಳಾಸ ಮತ್ತು 5500 ಎಂಬ ಪೋರ್ಟ್ ಹೊಡೆದು ಪುಟ ನೋಡಿ. ದಾಳಿಂಬೆ ಬೆಳೆಗಾರ ನಿಮ್ಮ ಪುಟವನ್ನು ನೋಡುವುದು ತೋಟದಲ್ಲಿ ನಿಂತು, ಬಿಸಿಲಲ್ಲಿ, ಮೊಬೈಲಿನಲ್ಲಿ. ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು ನಿಧಾನ ಮಾಡಿ ನೋಡುವ ಸೌಲಭ್ಯವೂ ಇದೆ, ಬಳಸಿ. ಐಡಿಇಯೇ ಇದ್ದಕ್ಕಿದ್ದಂತೆ ನಿಧಾನವಾದರೆ ಹೆಲ್ಪ್ ಮೆನುವಿನ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದು ರ‍್ಯಾಮನ್ನು ಯಾವುದು ತಿನ್ನುತ್ತಿದೆ ಎಂದು ನೋಡಬಹುದು.

ಎಐ ಬಗ್ಗೆ ನನ್ನ ನಿಲುವು ಕಠಿಣ. ಐಡಿಇಯೊಳಗೇ ಕೋಡ್ ಬರೆದುಕೊಡುವ, 2021ರಲ್ಲಿ ಪ್ರಯೋಗಕ್ಕೆ ಬಂದ ಕೋಪೈಲಟ್ ಎಂಬ ಎಐ ಸಾಧನಕ್ಕೆ 2024ರ ಡಿಸೆಂಬರ್‌ನಿಂದ ಉಚಿತ ಯೋಜನೆಯೂ ಇದೆ. ಕೆಲಸ ಬಲ್ಲವರಿಗೆ ಅದು ಒಳ್ಳೆಯ ನೆರವು, ನಾನೂ ಬಳಸುತ್ತೇನೆ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಮಾತ್ರ ಅದನ್ನು ಬಂದ್ ಇಡಿಸುತ್ತೇನೆ. 450030 ಬಂದ ಹುಡುಗ ಎಐಯನ್ನು ಕೇಳಿದ್ದರೆ ಅರೆ ನಿಮಿಷದಲ್ಲಿ ಸರಿಯಾದ ಸಾಲು ಸಿಗುತ್ತಿತ್ತು. ಆದರೆ ಆ ಉದ್ಧರಣ ಚಿಹ್ನೆಯನ್ನು ಅವನು ತನ್ನ ಕಣ್ಣಿಂದ ನೋಡುತ್ತಿರಲಿಲ್ಲ.

ಕೆಲಸ ಹುಡುಕುವವರಿಗೆ ಒಂದು ಎಚ್ಚರಿಕೆ. ಊರಲ್ಲೇ ಇದ್ದು ಆನ್‌ಲೈನ್‌ನಲ್ಲಿ ಸಂದರ್ಶನ ಕೊಡುವವರು ಈಗ ಹೆಚ್ಚುತ್ತಿದ್ದಾರೆ. ‘ಈ ಪ್ರಾಜೆಕ್ಟ್ ಇಳಿಸಿಕೊಂಡು ಓಡಿಸಿ ನೋಡಿ, ಇದೇ ನಿಮ್ಮ ಪರೀಕ್ಷೆ’ ಎಂದು ಕೋಡ್ ಕಳಿಸಿ, ಅದರೊಳಗಿನ ಕಳ್ಳ ಸ್ಕ್ರಿಪ್ಟ್‌ನಿಂದ ಪಾಸ್‌ವರ್ಡ್ ದೋಚುವ ಜಾಲವಿದೆ. ಉತ್ತರ ಕೊರಿಯಾದ ನಂಟಿರುವ ಅಂಥ ಗುಂಪಿನ ಕೆಲಸವನ್ನು ಯುನಿಟ್ 42 ಎಂಬ ಭದ್ರತಾ ತಂಡ 2023ರ ನವೆಂಬರ್‌ನಲ್ಲಿ ‘ಕಂಟೇಜಿಯಸ್ ಇಂಟರ್‌ವ್ಯೂ’ ಎಂಬ ಹೆಸರಿನಲ್ಲಿ ಬಯಲು ಮಾಡಿತ್ತು. ಹೊಸ ಫೋಲ್ಡರ್ ತೆರೆದಾಗ ‘ಇದನ್ನು ಬರೆದವರ ಮೇಲೆ ನಂಬಿಕೆ ಇದೆಯೇ’ ಎಂದು ವಿಎಸ್ ಕೋಡ್ ಕೇಳುತ್ತದೆ. ಗೊತ್ತಿಲ್ಲದವರ ಕೋಡಾದರೆ ಇಲ್ಲ ಎನ್ನಿ. ನಿರ್ಬಂಧಿತ ಸ್ಥಿತಿಯಲ್ಲಿ ತೆರೆದು ಮೊದಲು ಓದಿ. ಟರ್ಮಿನಲ್‌ಗೆ ಹೋಗಿ, ಆ ಕೋಡಿಗೆ ಬೇಕಾದ ಪ್ಯಾಕೇಜುಗಳನ್ನು ಇಳಿಸುವ ‘ಎನ್‌ಪಿಎಂ ಇನ್‌ಸ್ಟಾಲ್’ ಕಮಾಂಡ್ ಹೊಡೆದರೆ ಆ ಕಾವಲು ನಿಮ್ಮನ್ನು ಉಳಿಸುವುದಿಲ್ಲ, ಅದನ್ನು ನೆನಪಿಡಿ. ಕೆಲಸದ ಆಸೆ ಎಷ್ಟೇ ಇರಲಿ, ಅಪ್ಪನ ಬ್ಯಾಂಕ್ ಖಾತೆ ಬಳಸುವ ಕಂಪ್ಯೂಟರಿನಲ್ಲಿ ಅಪರಿಚಿತರ ಕೋಡ್ ಓಡಿಸಬೇಡಿ.

ಕೊಪ್ಪಳ ಜಿಲ್ಲೆಯ ಕಾಲೇಜುಗಳನ್ನೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳನ್ನೂ ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ನಿಮ್ಮಲ್ಲಿರುವ ಕಂಪ್ಯೂಟರುಗಳಿಗೆ ಒಂದು ಐಡಿಇ ಹಾಕಿಸಿ. ಲ್ಯಾಬ್ ಪರೀಕ್ಷೆಯಲ್ಲಿ ಬಾಯಿಪಾಠದ ಪ್ರೋಗ್ರಾಂ ಬರೆಸುವ ಬದಲು ತಪ್ಪಿರುವ ಪುಟ ಕೊಟ್ಟು ಡೀಬಗ್ಗರ್ ಬಳಸಿ ತಪ್ಪು ಹುಡುಕಲು ಹೇಳಿ, ಅದಕ್ಕೆ ಅಂಕ ಕೊಡಿ. ಹಾಕಿಸಲು ಅಡ್ಮಿನ್ ಪಾಸ್‌ವರ್ಡ್ ಇಲ್ಲ ಎಂಬ ಉತ್ತರ ಬಹಳ ಕಡೆ ಕೇಳಿದ್ದೇನೆ. ಅದಕ್ಕೂ ದಾರಿಯಿದೆ. ವಿಎಸ್ ಕೋಡ್‌ನ ಜಿಪ್ ಪ್ರತಿ ಇಳಿಸಿ, ಪೆನ್‌ಡ್ರೈವಿನಲ್ಲಿ ಬಿಚ್ಚಿ, ಅದರೊಳಗೆ ಇಂಗ್ಲಿಷಿನಲ್ಲಿ ‘ಡೇಟಾ’ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿದರೆ ಸೆಟ್ಟಿಂಗ್ಸ್, ಎಕ್ಸ್‌ಟೆನ್ಷನ್ ಎಲ್ಲ ಪೆನ್‌ಡ್ರೈವಿನಲ್ಲೇ ಉಳಿಯುತ್ತವೆ. ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಇರುವ ಯಾವ 64-ಬಿಟ್ ಕಂಪ್ಯೂಟರಿಗೆ ಚುಚ್ಚಿದರೂ ನಡೆಯುತ್ತದೆ. ಆ ಮೂರು ಎಕ್ಸ್‌ಟೆನ್ಷನ್, ‘ಕೆಎನ್’ ಎಂದು ತಿದ್ದಿದ ಎಮ್ಮೆಟ್, ಆಟೋ ಸೇವ್ ಹಾಕಿದ ಅಂಥದೊಂದು ಪ್ರತಿಯನ್ನು ನಾನು ಸಿದ್ಧ ಮಾಡಿಟ್ಟಿದ್ದೇನೆ. ಕುಷ್ಟಗಿಗೆ ಬಂದ ಯಾವ ಶಿಕ್ಷಕರಾದರೂ ತಮ್ಮ ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇನೆ, ಬಳಸುವುದು ಹೇಗೆ ಎಂದು ಕೂತು ತೋರಿಸಿಯೂ ಕಳಿಸುತ್ತೇನೆ.